ಓರೆಯಚ್ಚಿನ ಕುಂಕುಮ

"ಹಲೋ... ಹಲೋ, ಯಾರು ಮಾತಾಡೂದು? ಕುಮಟೆಯ ಸಾಮಿಲ್ಲೇ ಹೌದಾ?... ಬಾಡದ ಕುಪ್ಪ ಆಚಾರಿಯನ್ನ ಕರೀರಿ. ಹೊನ್ನಾವರದಿಂದ ದೇವಪ್ಪ ಆಚಾರಿ ಅಂತ ಹೇಳಿ, ಸಾಕು..."

ಹೊನ್ನಾವರದ ಅಂಚೆಕಚೇರಿಯ ಮೂಲೆಯಲ್ಲಿ ದೇವಪ್ಪ ಆಚಾರಿಯವರು ರಿಸೀವರನ್ನು ಬಲಗಿವಿಗೆ ಒತ್ತಿ ನಿಂತಿದ್ದರು. ಎಡಗಂಕುಳಲ್ಲಿ ಸಾಗುವಾನಿಯ ಓರೆಯಚ್ಚು: ಗರಗಸದ ಮೇಜಿನ ತೋಡುಗಳಲ್ಲಿ ಜಾರುವ ಹಲಗೆ, ಅದರ ಮೇಲೆ ಇಪ್ಪತ್ತೆರಡೂವರೆ ಡಿಗ್ರಿಗೆ ಓರೆಯಾಗಿ ಬಡಿದ ಪಟ್ಟಿ. ಆ ಪಟ್ಟಿಗೆ ಆನಿಸಿ ಕೊಯ್ದ ಎಂಟು ತುಂಡುಗಳು ಸಂದಿಲ್ಲದ ಅಷ್ಟಕೋನವಾಗಿ ಕೂಡಬೇಕು. ಹದಿನೈದು ವರ್ಷ ವಿದ್ಯೆ ಕೊಟ್ಟ ಶಿಷ್ಯ ಕುಪ್ಪನಿಗೆ ಅವರು ತಮ್ಮ ಅಚ್ಚನ್ನು ಎಂಟು ದಿನಕ್ಕೆಂದು ಎರವಲು ಕೊಟ್ಟಿದ್ದರು. ನಿನ್ನೆ ಬಸ್ಸಿನಲ್ಲಿ ಮರಳಿ ಬಂದಿತ್ತು.

"ಹಾಂ, ಕುಪ್ಪನಾ?... ಆರಾಮಿದ್ದೆ, ಅದಿರ್ಲಿ. ಅಚ್ಚು ಬಂತು. ಪಟ್ಟಿಯ ಮೇಲೆ ಕುಂಕುಮಾನೂ ಇತ್ತು, ಅಲ್ವಾ?..."

"... ಎಂತ ಆತು ಅಂದ್ರೆ? ಏಕಾದಶಿಗೆ ಅಂತ ದೇವಸ್ಥಾನದ ಎಂಟು ಮೂಲೆಯ ಮಂಟಪದ ಚೌಕಟ್ಟು ಕೊಯ್ದೆ. ಜಾಲಿ ಊರಿನ ಮಹಾಲಕ್ಷ್ಮೀ ಅಮ್ಮ ವಿಠ್ಠಲನಿಗೆ ಅಂತ ತನ್ನ ಮನೆ ಅಂಗಳದ ಹಲಸು ಕಡಿಸಿ ಕೊಟ್ಟ ಮರ. ಅದೊಂದೇ ಹಲಗೆ... ಹಾಂ, ಕೊಯ್ದು ಆತು. ಇಂದ್ರನಿಂದ ಕುಬೇರನವರೆಗೆ ಏಳು ದಿಕ್ಕು ಕೂಡ್ತು. ಎಂಟನೇದು, ಈಶಾನ್ಯ, ಕೂಡ್ಲಿಲ್ಲ. ಹೆಬ್ಬೆರಳು ಹೋಗುವಷ್ಟು ಸಂದು..."

"... ಮೊದಲು ಪರೀಕ್ಷೆ ಮಾಡ್ಲಿಲ್ವಾ ಅಂತ ನನ್ನ ಕೇಳ್ತೆಯಾ?"

ಆಚಾರಿಯವರ ಸ್ವರ ಏರಲಿಲ್ಲ. ಎರವಲು ತಂದ ಅಚ್ಚನ್ನು ಹಾಗೆಯೇ ಹಿಂದಿರುಗಿಸುವ ಪದ್ಧತಿ ಅವರ ಕುಲದಲ್ಲಿಲ್ಲ. ರದ್ದಿ ಮರದಲ್ಲಿ ಎಂಟು ತುಂಡು ಕೊಯ್ದು, ಕೂಡಿಸಿ, ಸಂದಿಲ್ಲವೆಂದು ಕಣ್ಣಾರೆ ಕಂಡ ಮೇಲೆಯೇ ಪಟ್ಟಿಗೆ ಕುಂಕುಮ. ಕುಂಕುಮವಿಟ್ಟ ಅಚ್ಚನ್ನು ಮತ್ತೆ ಪರೀಕ್ಷಿಸುವುದೆಂದರೆ ಕಳುಹಿಸಿದವನನ್ನು ಸುಳ್ಳುಗಾರನೆಂದು ಕರೆದಂತೆ.

"... ಬಸ್ಸಲ್ಲಿ ಪೆಟ್ಟು ಬಿತ್ತಾ?... ಇರ್ಲಿ, ಹಾಗೇ ಇರ್ಲಿ. ಪಟ್ಟಿ ಒಂದು ಕೂದಲೆಳೆ ಸರಿದ್ರೆ ಹದಿನಾರು ಕೊಯ್ತಕ್ಕೆ ಹದಿನಾರು ಕೂದಲು, ಅದೂ ಹೌದು. ಆದ್ರೆ ಕುಪ್ಪಾ, ಸಂದು ಕಂಡ ಮೇಲೆ ಅಚ್ಚಿನ ಅಡಿ ತಿರುಗಿಸಿ ನೋಡ್ದೆ. ಅಪ್ಪನ ಶಂಖದ ಗುರುತು ಎಲ್ಲಿ?..."

"... ಎಂತ ಅಂದೆ? ಕೇಳ್ಲಿಲ್ಲ..."

"... ಸವೆದದ್ದಲ್ಲ ಮಾರಾಯ. ಐವತ್ತೆಂಟನೇ ಇಸವಿಯಲ್ಲಿ ಗರಗಸದ ಯಂತ್ರ ಬಂದಾಗ, ಅಪ್ಪ ಶಂಖ ಕೊರೆದಿಟ್ಟ ಅಳತೆಹಲಗೆಯಿಂದಲೇ ನಾ ಮಾಡಿದ ಅಚ್ಚು ಅದು. ಉಳಿಯಲ್ಲಿ ಕೊರೆದ ಶಂಖ ಎಂಟು ದಿನದಲ್ಲಿ ಸವೀತದಾ? ಇದು ಹೊಸ ಮರ. ಎಣ್ಣೆ ತಿಕ್ಕಿ ಹಳೇದರ ಹಾಗೆ ಮಾಡಿದ್ದು..."

"... ಹಾಂ... ಹಾಂ. ಭಟ್ಕಳದ ಅಂಗಡಿಗೆ ಎಂಟು ಮೂಲೆಯ ಮೇಜು, ಇಪ್ಪತ್ತು. ಅದಕ್ಕೆ ಅಸಲು ನಿನಗೆ, ನಕಲು ನನಗೆ, ಅಲ್ವಾ? ಇನ್ನೊಂದು ತಿಂಗಳು ಇರ್ಲಿ ಅಂದಿದ್ರೆ ಕೊಡ್ತಿರ್ಲಿಲ್ವಾ ನಾನು?... ಅಲ್ಲ, ನೀ ಹೇಳು. ಯಾವತ್ತು ನಿನಗೆ ಇಲ್ಲ ಅಂದಿದ್ದೆ?..."

ತಂತಿಯ ಆ ತುದಿಯಲ್ಲಿ ಗರಗಸ ಮರವನ್ನು ಹೊಕ್ಕು ಹೊರಬಂದ ಸದ್ದು ಕೇಳಿಸಿತು. ತುಸು ತಡೆದು ಮತ್ತೊಮ್ಮೆ, ಅಷ್ಟೇ ಅವಧಿಗೆ. ಅಚ್ಚಿನ ಮೇಲೆ ಸರಿಯುವ ಮರದ ಆ ಲಯವನ್ನು ಆಚಾರಿಯವರು ಬಲ್ಲರು.

"... ಈಗ್ಲೂ ಅದರಲ್ಲೇ ಕೊಯ್ಯೂದಾ? ಯಾರ ಕೈಗೆ ಕೊಟ್ಟು ಫೋನಿಗೆ ಬಂದೆ?..."

"... ಇರು, ಫೋನಿನ ಮೂರು ನಿಮಿಷ ಮುಗೀತಾ ಬಂತಂತೆ, ಕಡೀತಾರೆ. ಅಚ್ಚು ನೀನೇ ಇಟ್ಕ. ಏಕಾದಶಿಗೆ ಮಂಟಪ ಇಲ್ಲ ಅಂತ ವಿಠ್ಠಲನಿಗೂ ಆ ಅಮ್ಮನಿಗೂ ನಾನೇ ಹೇಳ್ತೆ. ನಾ ಕೇಳೂದು ಒಂದೇ. ಕುಂಕುಮ ಇಟ್ಟದ್ದು ಯಾರು?..."

"... ಬಂಗಾರಿ ಇಟ್ಟಳು ಅಂತ ಹೇಳು. ನಿನ್ನ ಹೆಂಡತಿಗೆ ನಮ್ಮ ಪದ್ಧತಿ ಎಂತ ಗೊತ್ತು. ಶುಕ್ರವಾರ ಅಂತ ಹೊಸ್ತಿಲಿಗೆ ಇಡುವಾಗ ಇದಕ್ಕೂ ಇಟ್ಟಿರ್ತಾಳೆ. ಹಾಗಂತ ಹೇಳು ಕುಪ್ಪಾ, ನಂಬ್ತೆ..."

"... ಹಲೋ?..."

"... ಹಾಂ? ಹಡೆಯೂಕೆ ತವರಿಗೆ ಹೋಗಿ ತಿಂಗಳಾತಾ ಅವಳು..."

ಆಚಾರಿಯವರು ಪಟ್ಟಿಯ ಮೇಲಿನ ಕೆಂಪನ್ನು ಹೆಬ್ಬೆರಳಿನಿಂದ ಒರೆಸತೊಡಗಿದರು.

"... ಎಲ್ಲಾ ಬಿಟ್ಟು ಈ ಒಂದು ಮಾತು ನಿಜ ಹೇಳ್ಬೇಕಿತ್ತಾ ನೀ, ಇವತ್ತೇ, ಈ..."

ತಂತಿ ಕಡಿಯಿತು.