ಇಪ್ಪತ್ತು ನಿಮಿಷ ಮುಂದಿನ ಗಡಿಯಾರ

ವೇದಿಕೆಯ ಮೇಲಿರುವ ನಮ್ಮ ಕನ್ನಡ ಸಂಘದ ಅಧ್ಯಕ್ಷರೇ, ಅತಿಥಿಗಳೇ, ಪ್ರಮಾಣಪತ್ರ ಪಡೆಯಲು ಬಂದಿರುವ ಮಕ್ಕಳೇ, ಸಭಿಕರೇ,

ನಿನ್ನೆ ಮಧ್ಯಾಹ್ನ ಸ್ವಲ್ಪ ಕಣ್ಣು ಹತ್ತಿದಾಗ ಮತ್ತೆ ಅದೇ ಕನಸು. ದೋಣಿ ಹೊರಟುಹೋಗಿದೆ. ಈ ಸಲ ದಡದಲ್ಲಿ ನಿಂತವಳು ಮಾತ್ರ ನಾನಲ್ಲ, ನನ್ನ ಮಗಳು ತೃಷಾ.

ಪೋಷಕರ ಪರವಾಗಿ ಎರಡು ಮಾತು ಎಂದು ಸುಂದರಿ ಎಂಬ ಹೆಸರಿನ ನನ್ನನ್ನು ಕರೆದಿದ್ದೀರಿ. ನಾನು ಓದಿದ್ದು ಏಳನೆಯವರೆಗೆ. ತಪ್ಪಿದರೆ ಕ್ಷಮಿಸಿ. ಆಹ್ವಾನದ ಕಾರ್ಡಿನಲ್ಲಿ ನಾಲ್ಕು ಗಂಟೆ ಎಂದಿತ್ತು, ಮೂರಕ್ಕೇ ಬಂದೆ. ಕುರ್ಚಿ ಹಾಕುವವರೂ ಬಂದಿರಲಿಲ್ಲ, ನಾನೇ ಹಾಕಿದೆ!

ಯಾಕಿಷ್ಟು ಗಾಬರಿ? ಉಡುಪಿ ಕಡೆಯ ನಮ್ಮೂರಿಗೆ ಆಗ ಸೇತುವೆ ಇರಲಿಲ್ಲ. ಏಳನೆಯ ಪಬ್ಲಿಕ್ ಪರೀಕ್ಷೆಯ ದಿನ ತಮ್ಮಂದಿರಿಗೆ ಗಂಜಿ ಬಡಿಸಿ ಓಡಿದೆ. ದೋಣಿ ನಡುಹೊಳೆಯಲ್ಲಿತ್ತು. ಕೂಗಿದೆ. ಅಂಬಿಗ ಕೈಯಾಡಿಸಿದ, ಅಷ್ಟೇ. ನನ್ನ ಶಾಲೆ ಅಲ್ಲಿಗೆ ಮುಗಿಯಿತು.

ಅದಕ್ಕೇ ಇಲ್ಲಿ ಸಿಂಗಪುರಕ್ಕೆ ಬಂದ ಮೇಲೂ, ಜುರಾಂಗ್ ಈಸ್ಟಿನ ನಮ್ಮ ಮನೆಯ ಗಡಿಯಾರ ಇಪ್ಪತ್ತು ನಿಮಿಷ ಮುಂದೆ. “ನಮ್ಮನೆ ಬೇರೆ ಟೈಮ್ ಝೋನ್ ಲಾ!” ಎಂದು ಇಲ್ಲಿಯವರಂತೆ ‘ಲಾ’ ಸೇರಿಸಿ ಮಗಳು ನಗುತ್ತಿದ್ದಳು. ಯೂನಿವರ್ಸಿಟಿ ಸೇರಿದ ಮೇಲೆ ತನ್ನ ವಾಚನ್ನೂ ಅರ್ಧ ಗಂಟೆ ಮುಂದಿಟ್ಟಳು. ನಾನು ಹೆಮ್ಮೆಪಟ್ಟೆ. ಊಟಕ್ಕೆ ಕೂತರೆ ಅವಳಿಗೆ ನಾಳೆಯ ಚಿಂತೆ, ನಾಳೆ ಬಂದರೆ ಮುಂದಿನ ಸೆಮಿಸ್ಟರಿನ ಚಿಂತೆ. ಅವಳು ಯಾವಾಗ ಉಂಡಳು, ಯಾವಾಗ ಮಲಗಿದಳು? ತಾಯಿಯಾಗಿ ನನಗೇ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. “ಅಮ್ಮ, ಸ್ಟೇಷನ್ನಲ್ಲೇ ಕೂತಿದೀನಿ. ಟ್ರೈನ್ ಬರ್ತಿದೆ, ಹೋಗ್ತಿದೆ. ಯಾವುದು ಹತ್ತಿದ್ರೂ ಲೇಟೇ ಅನ್ಸತ್ತೆ. ಏಳಕ್ಕೇ ಆಗ್ತಿಲ್ಲ.”

ನಾನು ಕೇಳಿದ್ದೇನು ಗೊತ್ತೇ? “ಎಕ್ಸಾಮ್ ಎಷ್ಟೊತ್ತಿಗೆ?” ಎಂದು ಕೇಳಿದೆ. ಅಲ್ಲೇ ಇರು, ಬಂದೆ ಎನ್ನಲಿಲ್ಲ. ಆ ಹೊತ್ತು ದಡದಲ್ಲಿ ಅವಳು, ಹೊರಟ ದೋಣಿಯಲ್ಲಿದ್ದವಳು ನಾನು.

ಈಗ ಡಾಕ್ಟರ ಹತ್ತಿರ ಹೋಗುತ್ತಿದ್ದಾಳೆ. ಓದಿಗೆ ಒಂದು ವರ್ಷ ರಜೆ ಹಾಕಿದ್ದಾಳೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಗಡಿಯಾರ ಇಳಿಸಿ ಸರಿಮಾಡಿದೆ. “ಇಪ್ಪತ್ತು ನಿಮಿಷ ಸಿಕ್ತಲ್ಲಮ್ಮ, ಏನ್ ಮಾಡೋಣ?” ಎಂದಳು. ಎರಡು ತಟ್ಟೆ ಇಟ್ಟು ಜೊತೆಗೇ ಊಟಕ್ಕೆ ಕೂತೆವು.

ಕೇಳಿಸಿಕೊಂಡಿರಿ, ನಿಮಗೆ ಋಣಿ. ಎಲ್ಲರಿಗೂ ನಮಸ್ಕಾರ.

ಕಾರ್ಯದರ್ಶಿ ಲತೇಶ್ ಅವರೇ, ಒಂದು ನಿಮಿಷ. ಕುರ್ಚಿ ಹಾಕುವಾಗ ಮೇಜಿನ ಮೇಲೆ ನೋಡಿದೆ, ತೃಷಾಳ ಪ್ರಮಾಣಪತ್ರದಲ್ಲಿ ‘ಈ ವರ್ಷದ ಪದವೀಧರೆ’ ಎಂದು ಅಚ್ಚಾಗಿದೆ. ಅರ್ಜಿಯಲ್ಲಿ ಪದವಿ ಮುಗಿಯುವುದು ಈ ವರ್ಷ ಎಂದು ಬರೆದವಳು ನಾನು, ಅವಳಲ್ಲ. ಹೆಸರು ಕರೆಯುವ ಮೊದಲು ಅದೊಂದನ್ನು ಇನ್ನೊಮ್ಮೆ ನೋಡಿ. ಕೊನೆಯ ಸಾಲಿನಲ್ಲಿ ಕೂತಿದ್ದಾಳೆ, ಏನು ಬರೆಯಬೇಕೆಂದು ಅವಳನ್ನೇ ಕೇಳಿ.