ಗಿಡ್ಡ ಕಂಬ ಯಾವ ಕಡೆಗೆ

“ಈ ಚಾವಣಿಯ ಇಳಿಜಾರು ಯಾವ ಕಡೆಗಿಡಲಿ?”

ಹೀಗೆ ಗಟ್ಟಿಯಾಗಿ ಕೇಳಿದವನು ಒಬ್ಬ ಸಾಹುಕಾರ. ಉತ್ತರ ಹೇಳಲು ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲಿ ನಿಂತಿದ್ದ ಅಂತೀರಿ? ಕೆರೆಯ ನಟ್ಟನಡುವೆ! ದೋಣಿಯಲ್ಲಲ್ಲ, ತನ್ನೆರಡು ಕಾಲ ಮೇಲೆ. ನಗಬೇಡಿ ತಾಯಂದಿರೇ, ಅದು ಅಂಥ ಚಳಿಯ ಊರು. ಚಳಿಗಾಲದಲ್ಲಿ ಕೆರೆಗೆ ಕೆರೆಯೇ ಹೆಪ್ಪುಗಟ್ಟಿ ಚಪ್ಪಡಿಯಾಗುತ್ತದೆ. ಜನ ಅದರ ಮೇಲೆ ಹಲಗೆಯ ಗೂಡು ಇಟ್ಟುಕೊಂಡು, ಒಳಗೆ ಮಂಜುಗಡ್ಡೆಗೆ ತೂತು ಕೊರೆದು, ಗಾಳ ಬಿಟ್ಟು ಕೂರುತ್ತಾರೆ. ಮೀನಿನ ಮಾತು ಬಂತೆಂದು ಮೂಗು ಮುರಿಯಬೇಡಿ. ಕಥೆ ಇರುವುದು ಕೇಳುವುದಕ್ಕೆ, ತಿನ್ನುವುದಕ್ಕಲ್ಲ.

ಸಾಹುಕಾರ ಬೇಕೆಂದರೆ ಹತ್ತು ಗೂಡು ಮಾಡಿಸಬಹುದಿತ್ತು. ಆದರೆ ಮಗಳ ಮಾವ ಒಮ್ಮೆ ಊಟಕ್ಕೆ ಕೂತಾಗ ಚುಚ್ಚಿದ್ದ: “ನಿಮ್ಮ ಕೈಲಿ ಒಂದು ಮೊಳೆ ಹೊಡೆಯೋಕಾದ್ರೂ ಬರುತ್ತಾ ಬೀಗರೇ?”

“ನಾನೇ ಕಟ್ಟಿದ ಗೂಡಲ್ಲಿ, ನಾನೇ ಹಿಡಿದ ಮೀನಲ್ಲಿ, ಹುಣ್ಣಿಮೆ ದಿನ ನಿಮಗೆ ಊಟ!” ಎಂದುಬಿಟ್ಟ ಇವನು. ಅಲ್ಲಿಗೆ ಇವನ ಮಾನವೆಲ್ಲ ಆ ಗೂಡಿಗೆ ಸಿಕ್ಕಿಕೊಂಡಿತು.

ಕಟ್ಟಿದ, ನೋಡಿ. ಬೆರಳು ಜಜ್ಜಿಕೊಂಡೇ ಕಟ್ಟಿದ. ಚಾವಣಿ ಮಟ್ಟಸವಾಗಿದ್ದರೆ ಹಿಮ ಅಲ್ಲೇ ಕೂತು ಮುರಿದುಹಾಕುತ್ತದೆ. ಒಂದು ಕಡೆ ಎತ್ತರದ ಕಂಬ, ಇನ್ನೊಂದು ಕಡೆ ಗಿಡ್ಡ ಕಂಬ ನಿಲ್ಲಿಸಿ ಜಂತಿ ಕೂರಿಸಿದರೆ ಹಿಮ ಜಾರಿ ಕೆಳಗೆ ಬೀಳುತ್ತದೆ. ಅಷ್ಟು ಅವನಿಗೂ ಗೊತ್ತಿತ್ತು. ಆದರೆ ಗಿಡ್ಡ ಕಂಬ ಯಾವ ಕಡೆಗೆ? ಮುಂದಕ್ಕಿಟ್ಟರೆ ತನ್ನ ಬಾಗಿಲೇ ಮುಚ್ಚೀತು. ಎಡಕ್ಕಿಟ್ಟರೆ ತನ್ನ ಸೌದೆ ನೆನೆದೀತು. ಹಿಂದಕ್ಕಿಟ್ಟರೆ, ಶಿವಶಿವಾ, ದಿನಾ ತಾನೇ ಸಲಿಕೆ ಹಿಡಿಯಬೇಕಾದೀತು! ಬಲಗಡೆ ಒಬ್ಬ ಒಂಟಿ ಹೆಂಗಸಿನ ಗೂಡು ಇತ್ತು. ಬಲಕ್ಕೇ ಇಟ್ಟ.

ಹಿಮ ಬಿತ್ತು. ಸರ್ರನೆ ಜಾರಿತು, ಆಕೆಯ ಬಾಗಿಲಿಗೆ.

“ಅಣ್ಣಾ, ನಿಮ್ಮ ಹಿಮ ನಮ್ಮ ಬಾಗಿಲಿಗೆ ಬಂದಿದೆ.”

“ನನ್ನ ಹಿಮಾನಾ? ಆಕಾಶದ್ದಮ್ಮಾ ಅದು. ದೇವರು ಕೊಟ್ಟಿದ್ದು.”

“ದೇವರು ಎಲ್ಲರಿಗೂ ಸಮನಾಗೇ ಕೊಟ್ಟ. ಇಳಿಜಾರು ಯಾರು ಕೊಟ್ರು?”

ಸಾಹುಕಾರನಿಗೆ ಸರಿಯಾಗಿ ಆಗಲೇ ಕೆಮ್ಮು ಬಂತು. ಒಳಗೆ ಹೋದ. ಆಕೆ ಬಾಗಿಲು ಬಿಡಿಸಿಕೊಳ್ಳಬೇಕಲ್ಲ? ಸಲಿಕೆಯಲ್ಲಿ ಎತ್ತಿ, ಬುಟ್ಟಿಗೆ ತುಂಬಿ, ದೂರ ಒಯ್ದು ಸುರಿದಳು. ಮರುದಿನವೂ ಜಾರಿತು, ಮರುದಿನವೂ ಸುರಿದಳು. ಸಾಹುಕಾರ ಒಳಗೆ ಬೆಂಕಿಗೆ ಮೈ ಕಾಯಿಸುತ್ತ ಮೇಲೆ ನೋಡಿ ಹಿಗ್ಗಿದ: “ಏನು ಚಾವಣಿ ಕಣಯ್ಯಾ! ಒಂದು ಹಿಡಿ ಹಿಮ ನಿಲ್ಲಲ್ಲ!”

ಆ ಊರಲ್ಲಿ ಒಂದು ರೂಢಿ. ಗೂಡಿನ ಅಡಿಗೆ ಎರಡು ಉದ್ದನೆಯ ಮರದ ಪಟ್ಟಿ ಬಡಿದಿರುತ್ತಾರೆ. ಜಾಗ ಒಗ್ಗದಿದ್ದರೆ ಹಗ್ಗ ಕಟ್ಟಿ ಗೂಡನ್ನೇ ಎಳೆದುಕೊಂಡು ಹೋಗುವುದು. ಒಂದು ಬೆಳಿಗ್ಗೆ ಆಕೆ ಜಗಳವಾಡಲಿಲ್ಲ, ಶಾಪ ಹಾಕಲಿಲ್ಲ. ಹಗ್ಗ ಕಟ್ಟಿದಳು, ಎಳೆದಳು, ಆಚೆ ದಡದ ಹತ್ತಿರ ಹೋಗಿ ಕೂತಳು.

“ಒಳ್ಳೇದೇ ಆಯ್ತು, ಗೊಣಗಾಟ ತಪ್ಪಿತು” ಎಂದ ಸಾಹುಕಾರ.

ಹಿಮ ಬಿತ್ತು. ಜಾರಿತು. ಮತ್ತೆ ಬಿತ್ತು, ಮತ್ತೆ ಜಾರಿತು. ಎತ್ತುವವರಿಲ್ಲ. ಗುಡ್ಡೆ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಗಿಡ್ಡ ಕಂಬದ ತಲೆಗೇ ಬಂತು. ಇನ್ನೆಲ್ಲಿಗೆ ಜಾರುವುದು? ಚಾವಣಿಯ ಮೇಲೇ ಕೂತಿತು. ಹುಣ್ಣಿಮೆಯ ಹಿಂದಿನ ದಿನ, ಗಾಳ ಹಿಡಿದು ಕೂತವನ ನೆತ್ತಿಯ ಮೇಲೆ ಜಂತಿ ಲಟಲಟ ಎಂದಿತು. ಗೂಡನ್ನು ಎಳೆಯೋಣವೆಂದರೆ ಅದು ಗುಡ್ಡೆಗೆ ಕಚ್ಚಿಕೊಂಡು ಹೆಪ್ಪುಗಟ್ಟಿದೆ. ಆಗ ಹೊಳೆಯಿತು ಅವನಿಗೆ: ಇಷ್ಟು ದಿನ ತನ್ನ ಚಾವಣಿ ನಿಂತಿದ್ದದ್ದು ಆಕೆಯ ಸಲಿಕೆಯ ಮೇಲೆ!

ಎದ್ದು ಓಡಿದ ಆಕೆಯ ಕಡೆಗೆ. ಓಡಲಿ ಬಿಡಿ, ಕೆರೆ ದೊಡ್ಡದು. ಅಷ್ಟರಲ್ಲಿ ನಿಮ್ಮ ಕಡೆ ಬರೋಣ.

ನಿಮ್ಮ ಚಾವಣಿ ಯಾರ ಕಡೆ ವಾಲಿದೆ? ಆಫೀಸಿನಲ್ಲಿ ಸಾಹೇಬರು ಬೈದರು; ಹಿಮ ಬಿತ್ತು. ಜಾರಿದ್ದು ಯಾರ ಮೇಲೆ? ಸಂಜೆ ಕಾಫಿ ತಂದಿಟ್ಟವಳ ಮೇಲೆ. ಅತ್ತೆಯದು ಸೊಸೆಯ ಕಡೆ, ಅಣ್ಣನದು ತಮ್ಮನ ಕಡೆ. ‘ನಮ್ಮ ಮನೇಲಿ ಗಲಾಟೆಯೇ ಇಲ್ಲ ಬುದ್ಧೀ’ ಅಂತೀರಿ. ಯಾಕಿಲ್ಲ? ಯಾರೋ ಬುಟ್ಟಿಯಲ್ಲಿ ಹೊತ್ತು ದೂರ ಸುರಿಯುತ್ತಿದ್ದಾರೆ, ಅದಕ್ಕೆ! ದೂರದ ಮಾತೇಕೆ, ಈ ಮಠದ ಬಾಗಿಲಲ್ಲಿ ನೀವು ಬಿಟ್ಟು ಬಂದ ಚಪ್ಪಲಿ ನೋಡಿ. ಒಂದು ಕಾಶಿಗೆ ಮುಖ ಮಾಡಿದೆ, ಇನ್ನೊಂದು ರಾಮೇಶ್ವರಕ್ಕೆ. ಜೋಡಿಸುವವರು ಯಾರು ಸ್ವಾಮಿ?

ಇವತ್ತಿನಿಂದ ಉಂಡ ತಟ್ಟೆ ನೀವೇ ಎತ್ತಿ. ಹೊರಗಿನ ಸಿಟ್ಟನ್ನು ಹೊಸ್ತಿಲಾಚೆಯೇ ಕೊಡವಿ ಒಳಗೆ ಹೋಗಿ. ಗಿಡ್ಡ ಕಂಬ ನಿಮ್ಮ ಕಡೆಗಿರಲಿ, ಸಲಿಕೆ ನಿಮ್ಮ ಕೈಯಲ್ಲಿರಲಿ. ಪಕ್ಕದವರು ಹಗ್ಗ ಕಟ್ಟುವ ಮೊದಲೇ ಇರಲಿ. ಆಮೇಲೆ ಓಡಿದರೆ ಏನಾಗುತ್ತದೆ? ಅಗೋ, ಸಾಹುಕಾರ ದಡ ಮುಟ್ಟಿದ, ಏದುಸಿರು ಬಿಡುತ್ತ.

“ತಾಯೀ, ಚಾವಣಿ ಬೀಳ್ತಿದೆ! ನಾಳೆ ಬೀಗರು ಬರ್ತಾರೆ, ನನ್ನ ಮಾನ ಉಳಿಸು. ಮೊದಲಿನ ಜಾಗಕ್ಕೇ ವಾಪಸ್ ಬಂದುಬಿಡಮ್ಮಾ. ಬೇಕಾದ್ರೆ ನಿನ್ನ ಗೂಡು ನಾನೇ ಎಳ್ಕೊಂಡು ಬರ್ತೀನಿ!”

ನೋಡಿ ಮಜಾ! ಒಂದು ಬುಟ್ಟಿ ಹಿಮ ಎತ್ತದ ಕೈ, ಇಡೀ ಗೂಡು ಎಳೆಯಲು ತಯಾರು!

ಆಕೆ ಗಾಳದಿಂದ ಕಣ್ಣೆತ್ತಲಿಲ್ಲ. ಪಕ್ಕದಲ್ಲಿದ್ದ ಸಲಿಕೆಯನ್ನು ಕಾಲಿನಿಂದ ಅವನತ್ತ ಸರಿಸಿದಳು.

“ಇದನ್ನ ಬೇಕಾದ್ರೆ ತಗೊಂಡು ಹೋಗಿ ಅಣ್ಣಾ. ನಾನು ಬರೋದಿಲ್ಲ.”