ಹನ್ನೆರಡು ಸೂಜಿಯೋ, ಒಂದೇ ಸೂಜಿಯೋ

ಹಲೋ… ಯಾರು ಮಾತಾಡ್ತಿರೋದು? ಬೆರ್ತೊಲಾತ್ಸಿ ಡಾಕ್ಟ್ರೇನಾ? ನಾನು ಇವೊನ್ನೆ, ಎರ್ಮೆಸ್ ಹೆಂಡ್ತಿ… ಪಾರ್ಮಾ ಹತ್ರ ಚೀಸ್ ಮಾಡ್ತಾರಲ್ಲ, ಬೆನ್ನಿನ ಡಿಸ್ಕು ಜಾರಿ ನಿಮ್ಹತ್ರ ಓಝೋನ್ ಗ್ಯಾಸಿನ ಸೂಜಿ ಹಾಕಿಸ್ಕೊಳ್ತಿದಾರಲ್ಲ.

…

ಹಾಂ, ಅವರೇ. ಬಿದ್ಬಿಟ್ಟಿದಾರೆ ಡಾಕ್ಟ್ರೇ. ಹಾಲು ಕಾಯಿಸೋ ತಾಮ್ರದ ಹಂಡೆ ಪಕ್ಕದಲ್ಲೇ. ಕೈಲಿದ್ದ ಬಕೆಟ್ಟೂ ಕಾಲಮೇಲೇ ಉರುಳಿದೆ. ಎಡಗಾಲು ಎತ್ತಕ್ಕೇ ಆಗ್ತಿಲ್ಲ.

…

ಸೂಜಿ ಏಳಾಯ್ತು. ಹನ್ನೆರಡರಲ್ಲಿ ಏಳು. ಬೆನ್ನುಮೂಳೆಯ ಎರಡೂ ಪಕ್ಕ, ಸ್ನಾಯುವಿಗೆ ಕೊಡೋದೇ. ನೀವು ಮೊದಲೇ ಹೇಳಿದ್ರಿ ಅಲ್ವಾ, ಸ್ಕ್ಯಾನ್ ನೋಡ್ಕೊಂಡು ನೇರ ಡಿಸ್ಕಿನೊಳಗೇ ಒಂದು ಸೂಜಿ ಹಾಕೋಣ, ಆಮೇಲೆ ಕೆಲವು ದಿನ ಮಲಗಿರಬೇಕು ಅಂತ. ಮಲಗೋ ಮಾತು ಕೇಳಿದ್ದೇ ತಡ, ಇವರು ಸ್ನಾಯುದೇ ಸಾಕು ಅಂದ್ರು. ಹಸು ಒಂದಿನವೂ ರಜಾ ಹಾಕಲ್ಲ, ನಾನು ಹೆಂಗೆ ಹಾಕ್ಲಿ ಅಂತ.

…

ಇಲ್ಲ… ಭಾರ ಎತ್ತೋದು ಬಿಟ್ಟಿರಲಿಲ್ಲ. ನಿಮ್ಮ ನರ್ಸು ವಾರವಾರ ಫೋನ್ ಮಾಡಿ, ಭಾರ ಎತ್ತುತ್ತಿದಾರಾ ಅಂತ ಕೇಳೋರು. ಇಲ್ಲಮ್ಮ, ಸೋಫಾ ಬಿಟ್ಟು ಎದ್ದಿಲ್ಲ ಅಂತಿದ್ದೆ. ಸುಳ್ಳು ಹೇಳ್ದೆ. ಒಂದೊಂದು ಚೀಸೂ ನಲವತ್ತು ಕಿಲೋ, ಹಲಗೆಯಿಂದ ಇಳಿಸಿ ಮಗುಚಿ ಮಗುಚಿ ಇಡ್ತಿದ್ರು. ನಾನು ನೋಡ್ತಾ ನಿಂತಿದ್ದೆ.

…

ಬೈರಿ, ಎಷ್ಟು ಬೇಕಾದ್ರೂ ಬೈರಿ. ಆದ್ರೆ ಆ ಡಿಸ್ಕಿನ ಸೂಜಿ ಇವತ್ತೇ ಹಾಕ್ಬಿಡಿ. ಇಲ್ಲಾ, ನರ ಹೊರಗೆ ಬರೋ ಸಂದಿಗೆ ಕೊಡೋದು ಅಂತಿದ್ರಲ್ಲ, ಅದಾದ್ರೂ. ಯಾವುದು ಬೇಗ ಕೆಲಸ ಮಾಡುತ್ತೆ ಅಷ್ಟು ಹೇಳಿ.

…

ಉಚ್ಚೆನಾ? ತಡೀರಿ, ಕೇಳ್ತೀನಿ. ಎರ್ಮೆಸ್, ಬೆಳಗ್ಗೆ ಉಚ್ಚೆ ಹೋಯ್ತಾ ನಿಮಗೆ?… ಇಲ್ವಂತೆ. ನಿನ್ನೆ ಸಂಜೆಯಿಂದ್ಲೂ ಇಲ್ವಂತೆ. ನಂಗೆ ಹೇಳೇ ಇಲ್ಲ ಡಾಕ್ಟ್ರೇ.

…

ಯಾವ ಸೂಜಿನೂ ಬೇಡ ಅಂದ್ರೆ?… ಉಚ್ಚೆಯ ನರವೂ ಒತ್ತಿಹೋಗಿದ್ಯಾ?… ಆಪರೇಶನ್ನಾ? ಇವತ್ತೇನಾ?… ಆಂಬುಲೆನ್ಸು ನೀವೇ ಕಳಿಸ್ತೀರಾ? ಸರಿ. ಸರಿ. ಕಾಲು ಬರುತ್ತೆ ಅಲ್ವಾ ಡಾಕ್ಟ್ರೇ? ಅಷ್ಟು ಹೇಳಿ. ಬರುತ್ತೆ ಅಲ್ವಾ?

…

ಹಾಂ, ಆ ಕೂಗಾಟ ಅವರದೇ. ಹಂಡೆ ತಳದಲ್ಲಿ ಒಡೆದ ಹಾಲಿನ ಮುದ್ದೆ ಕೂತಿದೆ, ಚೀಸ್ ಆಗೋದು ಅದೇ, ಅದನ್ನ ಬಟ್ಟೇಲಿ ಎತ್ತಕ್ಕೆ ಇಬ್ಬರು ಬೇಕು. ಫೋನ್ ಇಟ್ಟು ಬಟ್ಟೆ ತುದಿ ಹಿಡ್ಕೋ, ನಾನು ಏಳ್ತೀನಿ ಅಂತಿದಾರೆ… ಇಲ್ಲ, ಏಳಕ್ಕೆ ಬಿಡಲ್ಲ. ಎರ್ಮೆಸ್, ಮುದ್ದೆ ಹಾಳಾಗ್ಲಿ, ಮಲಗಿರಿ.

…

ಕಾಲ್ಬೆರಳು ಚಿವುಟಿ, ಗೊತ್ತಾಗುತ್ತಾ ಅಂತ ನೋಡ್ಲಾ? ಬೂಟು ತೆಗೀಬೇಕು, ತಡೀರಿ. ನಿಧಾನಕ್ಕೇ ತೆಗೀತಿದೀನಿ… ಅಯ್ಯೋ ದೇವರೇ. ಬೂಟಿನ ತುಂಬ ಬಕೆಟ್ಟಲ್ಲಿದ್ದ ಹಾಲೊಡೆದ ಬಿಸಿ ನೀರು. ಹಂಡೆಯಿಂದ ಆಗಷ್ಟೇ ತೆಗೆದಿದ್ದು. ನನ್ನ ಕೈಯೇ ಸುಡ್ತಿದೆ. ಪಾದ ಪೂರ್ತಿ ಬೊಬ್ಬೆ ಎದ್ದಿದೆ ಡಾಕ್ಟ್ರೇ…

ಎರ್ಮೆಸ್, ಉರೀತಿಲ್ವಾ ಇದು?

…

ಏನು ಉರೀಬೇಕು ಅಂತ ನನ್ನೇ ಕೇಳ್ತಿದಾರೆ… ಮುದ್ದೆ ಎತ್ತಿದ್ಯಾ ಅಂತ ಕೇಳ್ತಿದಾರೆ… ಹಲೋ? ಡಾಕ್ಟ್ರೇ, ಇದೀರಾ? ಹಲೋ…